ಬಂಡೆ ಬೆಟ್ಟಗಳ ಊರಲ್ಲಿ ರೀಲಿನಿಂದ ಡಿಜಿಟಲ್‌ಗೆ: ನನ್ನ ಅನುಭವ

ನಮ್ಮದು ಗಂಗಾವತಿ. ಮದುವೆ, ಸೀಮಂತ, ಪಾಸ್‌ಪೋರ್ಟ್ ಫೋಟೊದಿಂದ ಮನೆ ನಡೆಯುತ್ತಿತ್ತು. ಉಳಿದ ದುಡ್ಡೆಲ್ಲ ಆನೆಗೊಂದಿ, ಸಾಣಾಪುರ, ಅಂಜನಾದ್ರಿ ಸುತ್ತಲಿನ ಬೆಟ್ಟಗಳ ಫೋಟೊಕ್ಕೆ ಹೋಗುತ್ತಿತ್ತು. ಮದುವೆಗೆ ಕಲರ್ ನೆಗೆಟಿವ್, ಅಂದರೆ ಬಣ್ಣ ತಿರುಗುಮುರುಗಾಗಿ ಬಂದು ಆಮೇಲೆ ಪ್ರಿಂಟ್ ಹಾಕುವ ರೀಲು. ಬೆಟ್ಟಕ್ಕೆ ಸ್ಲೈಡ್, ಅಂದರೆ ತೊಳೆದ ಫಿಲ್ಮೇ ನೇರವಾಗಿ ಚಿತ್ರವಾಗುವ ರೀಲು. ಕ್ಯಾಮೆರಾ ಎರಡಕ್ಕೂ ಒಂದೇ, ನಿಕಾನ್ ಎಫ್‌ಎಂ2. ಬ್ಯಾಟರಿ ಮುಗಿದರೆ ಅದರ ಬೆಳಕು ಅಳೆಯುವ ಮೀಟರ್ ಮಾತ್ರ ನಿಲ್ಲುತ್ತದೆ, ಶಟರ್ ನಡೆಯುತ್ತಲೇ ಇರುತ್ತದೆ.

ನೆಗೆಟಿವ್‌ನಲ್ಲಿ ಬೆಳಕು ಒಂದೆರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು) ಜಾಸ್ತಿ ಬಿದ್ದರೂ ಪ್ರಿಂಟ್ ಹಾಕುವಾಗ ಲ್ಯಾಬಿನವರು ಸರಿ ಮಾಡಿಬಿಡುತ್ತಿದ್ದರು. ಸ್ಲೈಡ್‌ನಲ್ಲಿ ಆ ಮಾತೇ ಇಲ್ಲ. 1990ರಲ್ಲಿ ಬಂದ ಫ್ಯೂಜಿ ವೆಲ್ವಿಯಾ, ಐಎಸ್‌ಒ 50, ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗೆ ಅದಕ್ಕಿಂತ ಒಳ್ಳೆ ರೀಲು ನಾನು ಕಂಡಿಲ್ಲ. ಆದರೆ ಅದು ಹಿಡಿಯುವುದು ಸುಮಾರು 5 ಸ್ಟಾಪ್ ಅಂತರದ ಬೆಳಕನ್ನು ಮಾತ್ರ. ಬಂಡೆಯ ನೆತ್ತಿ ಮೇಲೆ ಬಿಸಿಲು, ಅದರ ಬುಡದ ಸಂದಿಯಲ್ಲಿ ಕತ್ತಲು, ಎರಡೂ ಒಟ್ಟಿಗೆ ಬರುವುದೇ ಇಲ್ಲ. ಸಮುದ್ರ ತೀರದಲ್ಲಾದರೆ ಮೇಲರ್ಧ ಕಪ್ಪಾಗಿರುವ ಫಿಲ್ಟರ್ ಹಾಕಿ ಆಕಾಶ ತಗ್ಗಿಸಬಹುದು. ಇಲ್ಲಿ ಬೆಟ್ಟದ ಅಂಚು ಎಲ್ಲಿ ನೆಟ್ಟಗಿದೆ ಹೇಳಿ? ಒಂದರ ಮೇಲೊಂದು ಕೂತ ಬಂಡೆಗಳು, ಫಿಲ್ಟರ್ ಹಾಕಿದರೆ ಅವುಗಳ ತಲೆಯೇ ಕಪ್ಪಾಗುತ್ತಿತ್ತು. ಹಾಗಾಗಿ ನಸುಕಿನಲ್ಲಿ, ಬಿಸಿಲು ಏರುವ ಮೊದಲೇ ಕೆಲಸ ಮುಗಿಸಬೇಕು. ಮೀಟರನ್ನು ಬಂಡೆಯ ಬೆಳಗುವ ಕಡೆಗೇ ಹಿಡಿಯುತ್ತಿದ್ದೆ, ನೆರಳು ಕಪ್ಪಾದರೆ ಆಗಲಿ ಅಂತ.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ರೀಲುಗಳೆಲ್ಲ ಫ್ರಿಜ್‌ನಲ್ಲಿ, ಮಜ್ಜಿಗೆ ಪಾತ್ರೆ ಪಕ್ಕ. ಹೊರಗೆ ತೆಗೆದ ಕೂಡಲೇ ಡಬ್ಬಿ ಮುಚ್ಚಳ ಬಿಚ್ಚಬಾರದು, ತಣ್ಣಗಿನ ಫಿಲ್ಮಿನ ಮೇಲೆ ನೀರು ಕೂರುತ್ತದೆ. ತೊಳೆಸಲು ಬೆಂಗಳೂರಿಗೆ ಕಳಿಸಬೇಕಿತ್ತು, ವಾಪಸ್ ಬರುವ ಹೊತ್ತಿಗೆ ಯಾವುದಕ್ಕೆ ಎಷ್ಟು ಶಟರ್ ವೇಗ ಇಟ್ಟಿದ್ದೆ ಅನ್ನೋದು ಮರೆತಿರುತ್ತಿತ್ತು, ಅದಕ್ಕೇ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ.

2004ರಲ್ಲಿ ನಿಕಾನ್ ಡಿ70 ಅನ್ನೋ ಡಿಜಿಟಲ್ ಕ್ಯಾಮೆರಾ ಬಂತು, 6 ಮೆಗಾಪಿಕ್ಸೆಲ್. ಹಳೇ ಲೆನ್ಸ್‌ಗಳು ಅದಕ್ಕೆ ಕೂರುತ್ತಿದ್ದವು, ಆದರೆ ಅವುಗಳಿಗೆ ಮೀಟರ್ ಕೆಲಸ ಮಾಡುತ್ತಿರಲಿಲ್ಲ. ರೀಲಿನ ಜಾಗದಲ್ಲಿ ಬೆಳಕು ಹಿಡಿಯುವ ಸೆನ್ಸರ್ ರೀಲಿನ ಫ್ರೇಮಿಗಿಂತ ಚಿಕ್ಕದು, 24 ಎಂಎಂ ಲೆನ್ಸ್ ಹಾಕಿದರೆ ರೀಲಿನಲ್ಲಿ 36 ಎಂಎಂ ಲೆನ್ಸಿಗೆ ಕಾಣುವಷ್ಟೇ ಅಗಲ ಕಾಣುತ್ತಿತ್ತು. ಆಗ ನಮ್ಮಲ್ಲಿ ಮದುವೆ ಫೋಟೊ ಮಾಡುವವರಿಗೆ ಡಿಜಿಟಲ್ ಜಾಸ್ತಿ ಕಾಟ ಕೊಟ್ಟಿತು. ನೆಗೆಟಿವ್ ಅಭ್ಯಾಸದಲ್ಲಿ ಅವರು ಸ್ವಲ್ಪ ಜಾಸ್ತಿ ಬೆಳಕನ್ನೇ ಕೊಡುತ್ತಿದ್ದರು, ಬಿಳಿ ರೇಷ್ಮೆ ಪಂಚೆಯ ಮಡಿಕೆಗಳೇ ಮಾಯ. ಡಿಜಿಟಲ್‌ನಲ್ಲಿ ಒಮ್ಮೆ ಬೆಳ್ಳಗೆ ಸುಟ್ಟ ಜಾಗದಲ್ಲಿ ಏನೂ ಉಳಿದಿರುವುದಿಲ್ಲ, ಥೇಟ್ ಸ್ಲೈಡ್ ಹಾಗೆ. ನನ್ನ ಕೈಗೆ ಅದು ಮೊದಲೇ ಕೂತಿತ್ತು. ವ್ಯತ್ಯಾಸ ಇದ್ದದ್ದು ನೆರಳಿನಲ್ಲಿ. ರಾ ಫೈಲ್‌ನಲ್ಲಿ (ಸೆನ್ಸರ್ ಹಿಡಿದದ್ದನ್ನು ಹಾಗೇ ಇಡುವ ಫೈಲು) ಕತ್ತಲನ್ನು ಎತ್ತಿದರೆ, ಅಂದರೆ ಆಮೇಲೆ ಬೆಳಗಿಸಿದರೆ, ಸಂದಿಯಲ್ಲಿ ಬೆಳೆದ ಹುಲ್ಲು, ಬಂಡೆ ಮೇಲೆ ಮಳೆ ನೀರು ಇಳಿದ ಕಪ್ಪು ಗೆರೆ ಎಲ್ಲ ಹೊರಗೆ ಬರುತ್ತದೆ. ಡಿ70ರಲ್ಲಿ ಹಾಗೆ ಎತ್ತಿದರೆ ನುಚ್ಚು ನುಚ್ಚಾಗಿ ಕಾಣುತ್ತಿತ್ತು, ಈಗಿನ ಕ್ಯಾಮೆರಾಗಳು ತುಂಬಾ ಮುಂದೆ ಹೋಗಿವೆ. ಬಿಸಿಲು ನೆರಳಿನ ಅಂತರ ತೀರಾ ಜಾಸ್ತಿ ಇದ್ದರೆ ಟ್ರೈಪಾಡ್ ಅಲುಗಿಸದೆ ಬಿಸಿಲಿಗೊಂದು, ನೆರಳಿಗೊಂದು ಅಂತ ಎರಡು ಫ್ರೇಮ್ ತೆಗೆದು ಸೇರಿಸುತ್ತೇನೆ. ಈಗ ಬೆಳಗ್ಗೆ ಒಂಬತ್ತರ ಬಿಸಿಲಲ್ಲೂ ಫೋಟೊ ತೆಗೆಯಬಹುದು. ಬಂಡೆ ನಿಜವಾಗಿ ಬಂಡೆಯಂತೆ ಕಾಣುವುದು ಆ ಬಿಸಿಲಲ್ಲೇ ಅಂತ ನನಗನ್ನಿಸುತ್ತದೆ.

1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ನದಿಯಾಚೆ ಹಂಪಿಯಲ್ಲಿ ಮೇಣ ಸವರಿದ ಕಾಗದದ ನೆಗೆಟಿವ್ ಮೇಲೆ ತೆಗೆದ ಫೋಟೊಗಳು ಇವತ್ತಿಗೂ ಇವೆ. ನನ್ನ ಸ್ಲೈಡ್‌ಗಳಿಗೆ ಮಾತ್ರ ಈಗಾಗಲೇ ಬೂಷ್ಟು ಹಿಡಿಯುತ್ತಿದೆ. ಅವುಗಳಲ್ಲಿರುವ ಕೆಲವು ಗುಡ್ಡಗಳು ಈಗ ಇಲ್ಲ, ಕಲ್ಲು ಒಡೆದು ಸಾಗಿಸಿಯಾಗಿದೆ. ಅದಕ್ಕೇ ಸ್ಲೈಡನ್ನು ಬಿಳಿ ಎಲ್‌ಇಡಿ ಹಲಗೆ ಮೇಲಿಟ್ಟು, ಮ್ಯಾಕ್ರೊ ಲೆನ್ಸ್‌ನಿಂದ ಒಂದೊಂದಾಗಿ ಮತ್ತೆ ತೆಗೆಯುತ್ತಿದ್ದೇನೆ, ಗುಡ್ಡ ಹೋದವೇ ಮೊದಲು. ಫೈಲುಗಳು ಎರಡು ಹಾರ್ಡ್ ಡಿಸ್ಕ್‌ನಲ್ಲಿವೆ, ಒಂದು ನನ್ನ ಹತ್ತಿರ, ಇನ್ನೊಂದು ಕೊಪ್ಪಳದಲ್ಲಿ ಅಕ್ಕನ ಮನೆಯಲ್ಲಿ.