ಹೊಗೆಸೊಪ್ಪು ಬಿಡಲು ಜೊತೆಗಾರ ಬೇಕು: ಹುಡುಕುವುದು ಹೇಗೆ, ಉಳಿಸಿಕೊಳ್ಳುವುದು ಹೇಗೆ?

ಎಲೆ ಅಡಿಕೆಗೆ ಹೊಗೆಸೊಪ್ಪು ಸೇರಿಸುವವರಿರಲಿ, ಖೈನಿ ತಿಕ್ಕುವವರಿರಲಿ, ಪಾನ್ ಮಸಾಲೆಗೆ ಜರ್ದಾ ಬೆರೆಸಿ ಬಾಯಿಗೆ ಸುರಿದುಕೊಳ್ಳುವವರಿರಲಿ, ಬಿಡುವ ಮೊದಲ ವಾರ ಹೇಗೋ ದಾಟಿಬಿಡುತ್ತಾರೆ. ಆಗ ಹಟ ಇರುತ್ತದೆ, ಮನೆಯವರ ಕಣ್ಣೂ ಇರುತ್ತದೆ. ಕಷ್ಟ ಬರುವುದು ಮೂರನೇ ವಾರದ ಸುಮಾರಿಗೆ. ಅಷ್ಟು ಹೊತ್ತಿಗೆ ಯಾರೂ ವಿಚಾರಿಸುವುದಿಲ್ಲ. ಜೊತೆಗಾರ ಬೇಕಾಗುವುದು ಮುಖ್ಯವಾಗಿ ಆ ದಿನಗಳಿಗೆ.

ಮೊದಲು ಮೂರು ದಿನದ ಲೆಕ್ಕ

ಈ ಮೂರು ದಿನ ಏನನ್ನೂ ಬಿಡಬೇಡಿ, ಬರೆದಿಡಿ ಅಷ್ಟೆ: ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತು ಬಾಯಲ್ಲಿತ್ತು. ಊಟವಾದ ಮೇಲೆ, ಬಸ್ಸಿಗೆ ಕಾಯುವಾಗ, ದಕ್ಕೆಯಲ್ಲಿ ಮೀನು ಇಳಿಸುವಾಗ, ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆಯಲ್ಲಿ) ನಿದ್ದೆ ತಡೆಯಲು – ಹೀಗೆ ಒಬ್ಬೊಬ್ಬರ ಹೊತ್ತು ಒಂದೊಂದು. ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಲ ಹಾಕುವವರು ಮತ್ತು ರಸ ಉಗುಳದೆ ನುಂಗುವವರು ನಿಕೋಟಿನ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತಾರೆ. ಅಂಥವರು ಬಿಡುವ ಮುನ್ನವೇ ವೈದ್ಯರನ್ನು ಕಾಣುವುದು ಒಳ್ಳೆಯದು.

ಯಾರನ್ನು ಜೊತೆಗೆ ಹಾಕಿಕೊಳ್ಳಬೇಕು?

ಇಬ್ಬರಿದ್ದರೆ ಉತ್ತಮ. ಒಬ್ಬರು ನಿಮ್ಮ ಜೊತೆಗೇ ಬಿಡುವವರು, ಇನ್ನೊಬ್ಬರು ಬಿಟ್ಟು ಆರು ತಿಂಗಳಾದರೂ ಕಳೆದವರು. ಹೊಸದಾಗಿ ಬಿಡುವ ಇಬ್ಬರೇ ಆದರೆ ಒಬ್ಬ ಜಾರಿದ ದಿನ ಇನ್ನೊಬ್ಬನೂ ಜಾರುವ ಭಯ ಇದೆ. ಹೆಂಡತಿಯನ್ನೋ ತಾಯಿಯನ್ನೋ ಈ ಕೆಲಸಕ್ಕೆ ಹಚ್ಚುವುದು ನಮ್ಮ ಪ್ರಕಾರ ಸರಿಯಲ್ಲ. ಅವರ ಪ್ರೀತಿ ಬೇಗ ಪಹರೆಯಾಗುತ್ತದೆ, ಪಹರೆ ಬಂದಲ್ಲಿ ಸುಳ್ಳು ಹುಟ್ಟುತ್ತದೆ. ಒಂದೇ ಬೋಟಿನವರು, ಒಂದೇ ರಿಕ್ಷಾ ನಿಲ್ದಾಣದವರು, ಒಂದೇ ಭಜನಾ ಮಂಡಳಿಯವರು ಆಗಬಹುದು. ಬೋಟು ನಡೆಸುವ ತಂಡೇಲರೇ ಒಪ್ಪಿದರೆ ಅರ್ಧ ಕೆಲಸ ಆದಂತೆ.

ಆರಂಭದಲ್ಲೇ ಮೂರು ಮಾತು ಆಗಿರಲಿ. ಆಸೆ ಹತ್ತಿದರೆ ವಾಟ್ಸ್ಆ್ಯಪ್ ಸಂದೇಶ ಬೇಡ, ಕರೆ ಮಾಡಬೇಕು. ಕರೆ ಬಂದರೆ ಉಪದೇಶ ಮಾಡಬಾರದು. ಜಾರಿದರೆ ಅದೇ ದಿನ ಹೇಳಬೇಕು, ಕೇಳಿದವರು ಬೈಯಬಾರದು.

ದಿನ ಗೊತ್ತುಮಾಡಿ

ಎರಡು ವಾರದೊಳಗಿನ ಒಂದು ದಿನ ಸಾಕು. ಅದಕ್ಕಿಂತ ದೂರ ಇಟ್ಟರೆ ಮನಸ್ಸು ಆರಿಹೋಗುತ್ತದೆ. ಮನೆಯಲ್ಲಿ ಮದುವೆಯೋ ಭೂತಕೋಲವೋ ಇರುವ ವಾರ ಬೇಡ. ಮೀನುಗಾರರಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿ ಅನುಕೂಲ ಅನ್ನಿಸಬಹುದು. ಕಡಲಲ್ಲಿ ರಾತ್ರಿ ನಿದ್ದೆಗೆಡಲು ಹಾಕುವವರಿಗೆ ಅದು ನಿಜ. ಹೊತ್ತು ಹೋಗದೆ ಹಾಕುವವರಿಗೆ ಅದೇ ಕೆಟ್ಟ ಕಾಲ. ನಿಮ್ಮ ಮೂರು ದಿನದ ಲೆಕ್ಕ ನೋಡಿ ತೀರ್ಮಾನಿಸಿ. ಹಿಂದಿನ ರಾತ್ರಿ ಅಂಗಿಯ ಜೇಬು, ಸ್ಕೂಟರಿನ ಡಿಕ್ಕಿ, ಬೋಟಿನ ಕ್ಯಾಬಿನ್, ಚಾವಡಿಯ ಎಲೆ ತಟ್ಟೆ, ಎಲ್ಲದರಿಂದಲೂ ತೆಗೆಯಿರಿ. ‘ಅಗತ್ಯ ಬಿದ್ದರೆ’ ಎಂದು ಒಂದು ಪ್ಯಾಕೆಟ್ ಉಳಿಸಿದರೆ ಆ ಅಗತ್ಯ ಅದೇ ರಾತ್ರಿ ಬೀಳುತ್ತದೆ.

ಆ ಹತ್ತು ನಿಮಿಷ

ಮೊದಲ ಎರಡು-ಮೂರು ದಿನ ಸಿಟ್ಟು, ತಲೆನೋವು, ನಿದ್ದೆಗೇಡು ಹೆಚ್ಚು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಮಲಬದ್ಧತೆಯೂ ಆಗುತ್ತದೆ. ಹೆದರದೆ ನೀರು, ಹಣ್ಣು, ಸೊಪ್ಪು ಹೆಚ್ಚಿಸಿ. ಒಂದೊಂದು ಆಸೆಯ ಅಲೆ ಸಾಮಾನ್ಯವಾಗಿ ಐದರಿಂದ ಹತ್ತು ನಿಮಿಷದಲ್ಲಿ ತಗ್ಗುತ್ತದೆ. ಜೊತೆಗಾರನ ಕೆಲಸ ಆ ಹೊತ್ತನ್ನು ತುಂಬುವುದು. ‘ಎಂತ ಮಾರಾಯ, ಎಲ್ಲಿದ್ದಿ? ಅಲ್ಲಿಂದ ಎದ್ದು ನಡಿ, ನಡೀತಾ ಮಾತಾಡು’ ಎಂದು ಜಾಗ ಬಿಡಿಸಬೇಕು. ಮೀನಿನ ರೇಟು, ಕಂಬಳದ ಕೋಣ, ಯಾವ ಸುದ್ದಿಯಾದರೂ ಆದೀತು. ಫೋನ್ ಇಡುವ ಮೊದಲು ಒಂದು ಲೋಟ ನೀರು ಕುಡಿಸಿ.

ಬಾಯಿಗೆ ಲವಂಗ, ಏಲಕ್ಕಿ, ಒಣ ನೆಲ್ಲಿಕಾಯಿ ಇಟ್ಟುಕೊಳ್ಳಬಹುದು. ಅಡಿಕೆ ಮಾತ್ರ ಬೇಡ. ಅಡಿಕೆ ಬೆಳೆಯುವ ನಮ್ಮ ಊರಲ್ಲಿ ಈ ಮಾತು ಹೇಳುವುದು ಕಷ್ಟ, ಹೇಳದಿರುವುದು ತಪ್ಪು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಬಾಯಿ ಗಟ್ಟಿಯಾಗಿ ತೆರೆಯಲಾಗದಂತೆ ಮಾಡುವುದೂ ಮುಖ್ಯವಾಗಿ ಅಡಿಕೆಯೇ. ಜೊತೆಗೆ, ಅಡಿಕೆ ಜಗಿಯುವ ಬಾಯಿ ಹೊಗೆಸೊಪ್ಪನ್ನು ಮತ್ತೆ ಕೇಳುತ್ತದೆ.

ನಿಕೋಟಿನ್ ಗಮ್

2 ಮಿ.ಗ್ರಾಂ ಮತ್ತು 4 ಮಿ.ಗ್ರಾಂ ಗಮ್ ಸಿಗುತ್ತದೆ. ಯಾವುದು, ದಿನಕ್ಕೆ ಎಷ್ಟು ಎಂಬುದನ್ನು ವೈದ್ಯರು ಹೇಳಬೇಕು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಕೇಳದೆ ತೆಗೆದುಕೊಳ್ಳಲೇಬಾರದು. ಬಬಲ್ ಗಮ್‌ನಂತೆ ಒಂದೇ ಸಮನೆ ಜಗಿದರೆ ನಿಕೋಟಿನ್ ಹೊಟ್ಟೆಗಿಳಿದು ಬಿಕ್ಕಳಿಕೆ, ವಾಕರಿಕೆ ಬರುತ್ತದೆ, ಆಸೆ ಹಾಗೆಯೇ ಇರುತ್ತದೆ. ಹತ್ತು-ಹದಿನೈದು ಸಲ ನಿಧಾನ ಜಗಿದು, ಬಾಯಿ ಚುರುಗುಟ್ಟಿದಾಗ ಕೆನ್ನೆಯ ಬದಿಗಿಡಿ. ಚುರುಕು ಇಳಿದ ಮೇಲೆ ಮತ್ತೆ ಜಗಿದು ಇನ್ನೊಂದು ಬದಿಗೆ. ಹೀಗೆ ಅರ್ಧ ಗಂಟೆ. ಗಮ್‌ಗೆ ಕಾಲು ಗಂಟೆ ಮೊದಲಿನಿಂದ ಕಾಫಿ, ನಿಂಬೆ ಶರಬತ್ತು ಬೇಡ; ಹುಳಿಯಾದ ಬಾಯಿಯಲ್ಲಿ ನಿಕೋಟಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ.

ಮೂರನೇ ವಾರದಿಂದ ಮುಂದೆ

ಈಗ ಕರೆ ಮಾಡುವ ಸರದಿ ಜೊತೆಗಾರನದು. ವಾರಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ. ಉಳಿದ ದುಡ್ಡನ್ನು ಕಣ್ಣಿಗೆ ಕಾಣುವಂತೆ ಡಬ್ಬಿಗೆ ಹಾಕಿ. ದಿನಕ್ಕೆ 60 ರೂಪಾಯಿ ಹೋಗುತ್ತಿದ್ದರೆ ತಿಂಗಳಿಗೆ 1,800. ಸಮಾರಂಭದಲ್ಲಿ ವೀಳ್ಯ ಕೊಟ್ಟರೆ ಎರಡೂ ಕೈಯಲ್ಲಿ ಪಡೆದು ಕಣ್ಣಿಗೊತ್ತಿಕೊಳ್ಳಿ; ಗೌರವ ಅಲ್ಲಿಗೆ ಸಂದಿತು, ಜಗಿಯಬೇಕೆಂದಿಲ್ಲ. ಊಟದ ನಂತರ ಒತ್ತಾಯಿಸುವ ಸ್ನೇಹಿತರಿಗೆ ‘ಬೊಡ್ಚಿ’ (ತುಳುವಿನಲ್ಲಿ ‘ಬೇಡ’) ಎಂಬ ಒಂದೇ ಮಾತು ಸಾಕು. ಕಾರಣ ಹೇಳಲು ಹೊರಟರೆ ವಾದ ಶುರುವಾಗುತ್ತದೆ.

ಒಂದು ಸಲ ಹಾಕಿಬಿಟ್ಟರೆ ಉಳಿದದ್ದನ್ನು ಎಸೆದು ಅಂದೇ ಕರೆ ಮಾಡಿ. ಎಲ್ಲಿ, ಯಾರ ಜೊತೆ, ಅದಕ್ಕೂ ಒಂದು ಗಂಟೆ ಮೊದಲು ಏನಾಗಿತ್ತು ಎಂದು ಇಬ್ಬರೂ ಕೂತು ನೋಡಿ. ಅಲ್ಲಿಯವರೆಗಿನ ದಿನಗಳನ್ನು ಅಳಿಸಿಹಾಕಬೇಡಿ. ‘ಹೇಗೂ ಕೆಟ್ಟಿತು’ ಎಂಬ ಯೋಚನೆಯೇ ಒಂದನ್ನು ಹತ್ತು ಮಾಡುವುದು.

ಎಲ್ಲಿಗೆ ಹೋಗಬೇಕು?

ಮಂಗಳೂರಿನ ವೆನ್ಲಾಕ್ ಆಸ್ಪತ್ರೆ, ಉಡುಪಿಯ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಅಥವಾ ಹತ್ತಿರದ ದಂತ ವೈದ್ಯಕೀಯ ಕಾಲೇಜಿನಲ್ಲಿ ತಂಬಾಕು ಬಿಡಿಸುವ ಸಲಹೆಯ ಬಗ್ಗೆ ವಿಚಾರಿಸಿ. ರಾಷ್ಟ್ರೀಯ ಸಹಾಯವಾಣಿ 1800-11-2356 ಉಚಿತ, ಕನ್ನಡದಲ್ಲೂ ಮಾತಾಡಬಹುದು. ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿನ್ನಲಾಗದಷ್ಟು ಉರಿ ಇದ್ದರೆ, ಅಥವಾ ಒಂದರ ಮೇಲೊಂದು ಇಟ್ಟ ಮೂರು ಬೆರಳು ಬಾಯಿಯೊಳಗೆ ಹೋಗದಿದ್ದರೆ, ಬಿಡುವ ದಿನಕ್ಕೆ ಕಾಯದೆ ಈ ವಾರವೇ ಬಾಯಿ ತೋರಿಸಿ.