ರೊಟ್ಟಿ ಉಬ್ಬದಿದ್ದರೆ ಅಕ್ಕಿಯನ್ನ ಬೈಬೇಡಿ

ಅಕ್ಕಿರೊಟ್ಟಿ ಹಿಟ್ಟಿಗೆ ತಣ್ಣೀರು ಹಾಕಿ ಕಲಸುವವರನ್ನು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಲಸುತ್ತಾರೆ, ಲಟ್ಟಿಸಲು ಹೋದರೆ ಹರಿಯುತ್ತದೆ, ಒಂದು ಮುಷ್ಟಿ ಮೈದಾ ಸೇರಿಸುತ್ತಾರೆ, ಅದೂ ಸಾಲದು ಅಂತ ಕಾವಲಿಗೆ ಎಣ್ಣೆ ಸುರಿಯುತ್ತಾರೆ. ಕೊನೆಗೆ ಕಟಕಟ ಅನ್ನುವ ಒಂದು ತುಂಡನ್ನು ತಟ್ಟೆಗೆ ಹಾಕಿ "ಈ ಅಕ್ಕಿನೇ ಸರಿ ಇಲ್ಲ ಅತ್ತೆ" ಅನ್ನುತ್ತಾರೆ. ಅಕ್ಕಿ ಏನು ಮಾಡಿತ್ತು, ಪಾಪ.

ಮೊದಲೇ ಹೇಳಿಬಿಡುತ್ತೇನೆ, ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಬಾಣಲೆಗೆ ತಟ್ಟುತ್ತಾರಲ್ಲ, ಮೈಸೂರು ಬೆಂಗಳೂರು ಕಡೆಯ ರೊಟ್ಟಿ, ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಅದಕ್ಕೆ ಎಣ್ಣೆ ಬೇಕೇ ಬೇಕು. ನಾನು ಹೇಳುತ್ತಿರುವುದು ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೆಳಿಗ್ಗೆ ಎದ್ದ ಕೂಡಲೇ ಮಾಡುವ, ಬೆಳ್ಳಗೆ, ತೆಳ್ಳಗೆ, ಕೆಂಡದ ಮೇಲೆ ಉಬ್ಬುವ ರೊಟ್ಟಿ. ಇದಕ್ಕೆ ಅಕ್ಕಿ, ನೀರು, ಉಪ್ಪು, ನಿನ್ನೆಯ ಅನ್ನ. ಮತ್ತೇನೂ ಬೇಡ.

ಗೋಧಿ ಹಿಟ್ಟಿಗೆ ಇರುವ ಅಂಟು ಅಕ್ಕಿ ಹಿಟ್ಟಿಗೆ ಇಲ್ಲ. ಎಷ್ಟು ನಾದಿದರೂ ತಣ್ಣೀರಿನಲ್ಲಿ ಅದು ಒಂದಕ್ಕೊಂದು ಹಿಡಿಯುವುದಿಲ್ಲ. ಬಿಸಿನೀರಿನಲ್ಲಿ ಬೆಂದರೆ ಮಾತ್ರ ಹಿಡಿಯುತ್ತದೆ. ಅದಕ್ಕೇ ಹಿಟ್ಟನ್ನು ಮೊದಲು ಉಕ್ಕರಿಸಬೇಕು, ಅಂದರೆ ಕುದಿಯುವ ನೀರಿಗೆ ಸುರಿದು ಬೇಯಿಸಬೇಕು. ಈಗಿನವರು ಬಿಡುವುದೇ ಈ ಕೆಲಸವನ್ನ. ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ನೋಡಿ ಕಲಿತರೆ ಇನ್ನೇನಾಗುತ್ತದೆ? ವಿಡಿಯೋದಲ್ಲಿ ಕಾಣುವುದು ಉಬ್ಬಿದ ರೊಟ್ಟಿ ಮಾತ್ರ ಅಲ್ವಾ. ಪಾತ್ರೆಯೊಳಗೆ ಏನಾಯಿತು ಅಂತ ಯಾರು ತೋರಿಸುತ್ತಾರೆ.

ಸರಿ, ಕೇಳಿ. ದಪ್ಪ ತಳದ ಪಾತ್ರೆ ಇಡಿ. ಹಿಟ್ಟು ಎಷ್ಟೋ ನೀರು ಹೆಚ್ಚುಕಮ್ಮಿ ಅಷ್ಟೇ, ಒಂದು ಕೈ ಜಾಸ್ತಿ ಇರಲಿ. ಹೊಸ ಅಕ್ಕಿಯಾದರೆ ನೀರು ಕಡಿಮೆ ಸಾಕು, ಹಳೇ ಅಕ್ಕಿ ಜಾಸ್ತಿ ಕುಡಿಯುತ್ತದೆ, ಅದನ್ನ ನಿಮ್ಮ ಮನೆ ಅಕ್ಕಿ ನೋಡಿಕೊಂಡು ನೀವೇ ತಿಳಿಯಬೇಕು. ಒಂದು ಹಿಡಿ ತಂಗಳನ್ನವನ್ನು ಕೈಯಲ್ಲಿ ಚೆನ್ನಾಗಿ ಹಿಸುಕಿ ಆ ನೀರಿಗೆ ಹಾಕಿ, ಉಪ್ಪು ಹಾಕಿ, ಕುದಿಯಲು ಬಿಡಿ. ಅನ್ನ ಹಾಕಿದರೆ ರೊಟ್ಟಿ ಮಧ್ಯಾಹ್ನದವರೆಗೂ ಮೆತ್ತಗಿರುತ್ತದೆ. ಅಗುಳು ಉಳಿದರೆ ಲಟ್ಟಿಸುವಾಗ ಅಲ್ಲೇ ತೂತು ಬೀಳುತ್ತದೆ, ಹಾಗಾಗಿ ಹಿಸುಕುವುದರಲ್ಲಿ ಸೋಮಾರಿತನ ಬೇಡ.

ನೀರು ಮರಳಿ ಕುದಿಯುವಾಗ, ಇಲ್ಲಿ ಗಮನ ಕೊಡಿ, ಒಂದು ಸೌಟು ಕುದಿಯುವ ನೀರನ್ನು ತೆಗೆದು ಬಟ್ಟಲಿನಲ್ಲಿ ಪಕ್ಕಕ್ಕಿಡಿ. ನಮ್ಮ ಅತ್ತೆ ಇದನ್ನು ಒಂದು ದಿನವೂ ತಪ್ಪಿಸಿದವರಲ್ಲ, ನಾನೂ ಇಲ್ಲ. ಆಮೇಲೆ ಹಿಟ್ಟನ್ನು ನೀರಿನ ನಡುವೆ ಗುಡ್ಡೆಯಾಗಿ ಸುರಿಯಿರಿ. ಸುರಿದು ಕೈ ಕಟ್ಟಿ ನಿಲ್ಲಿ. ಕಲಕಬೇಡಿ! ಎಲ್ಲರೂ ಎಡವುವುದು ಇಲ್ಲೇ, ಹಿಟ್ಟು ಕಂಡ ಕೂಡಲೇ ಸೌಟು ಹಾಕಿ ತಿರುವುತ್ತಾರೆ, ಗಂಟು ಗಂಟಾಗಿ ಒಳಗೆ ಹಸಿ ಹಿಟ್ಟು ಉಳಿಯುತ್ತದೆ, ಆ ಗಂಟು ರೊಟ್ಟಿಯಲ್ಲಿ ಬಿಳಿ ಚುಕ್ಕೆಯಾಗಿ ಬಂದು ಕೂರುತ್ತದೆ. ಉರಿ ಸಣ್ಣ ಮಾಡಿ. ಸಟ್ಟುಗದ ಹಿಡಿಯಿಂದ ಆ ಗುಡ್ಡೆಗೆ ತಳ ಮುಟ್ಟುವ ಹಾಗೆ ನಾಲ್ಕಾರು ತೂತು ಮಾಡಿ. ನೀರು ಆ ತೂತಿನಿಂದ ಗುಳುಗುಳು ಅಂತ ಮೇಲೆ ಬಂದು ಹಿಟ್ಟಿನ ನೆತ್ತಿಯನ್ನು ತೋಯಿಸಬೇಕು. ಆಗ ಮುಚ್ಚಳ ಹಾಕಿ. ಹಸಿ ಹಿಟ್ಟಿನ ವಾಸನೆ ಹೋಗಿ ಬೆಂದ ಅನ್ನದ ಪರಿಮಳ ಬಂತು ಅಂದರೆ ಒಲೆಯಿಂದ ಇಳಿಸಿ.

ಈಗ ಪಾತ್ರೆಯನ್ನು ಎರಡು ಕಾಲಿನ ನಡುವೆ ಗಟ್ಟಿಯಾಗಿ ಹಿಡಿದು (ನಿಂತು ಅಡುಗೆ ಮಾಡುವವರು ಇಕ್ಕಳದಲ್ಲಿ ಹಿಡಿದುಕೊಳ್ಳಿ, ಏನು ಮಾಡುವುದು) ಸಟ್ಟುಗ ಹಾಕಿ ರಟ್ಟೆ ನೋಯುವ ಹಾಗೆ ತಿರುವಿ. ಒಣ ಅನ್ನಿಸಿದರೆ ತೆಗೆದಿಟ್ಟ ನೀರನ್ನು ಸ್ವಲ್ಪ ಸ್ವಲ್ಪ ಸೇರಿಸಿ. ಜಾಸ್ತಿಯಾದ ನೀರನ್ನು ಹಿಟ್ಟಿನಿಂದ ತೆಗೆಯಲಿಕ್ಕಾಗುವುದಿಲ್ಲ, ಅದಕ್ಕೇ ಮೊದಲೇ ತೆಗೆದಿಡುವುದು. ಮತ್ತೆ ಮುಚ್ಚಿಟ್ಟು ಒಂದು ಲೋಟ ಕಾಫಿ ಕುಡಿದು ಬನ್ನಿ. ಅಷ್ಟು ಹೊತ್ತು ಅದು ತನ್ನ ಹಬೆಯಲ್ಲೇ ಬೇಯುತ್ತಿರಲಿ.

ನಾದುವುದು ಬಿಸಿ ಇರುವಾಗಲೇ. ಪಕ್ಕದಲ್ಲಿ ತಣ್ಣೀರಿನ ಬಟ್ಟಲು ಇಟ್ಟುಕೊಂಡು ಕೈ ಅದ್ದಿ ಅದ್ದಿ, ಅಂಗೈಯ ಬುಡದಿಂದ ಒತ್ತಿ ನಾದಬೇಕು. ಕೈ ಸುಡುತ್ತದೆ ಅಂತ ಆರಿಸಿಟ್ಟರೆ ಮುಗಿಯಿತು ಕಥೆ. ಒಂದು ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಅಂಚು ಬಿರಿಯದೆ ಕಿವಿ ಹಾಲೆಯಷ್ಟು ಮೆತ್ತಗಿದ್ದರೆ ಹದ ಬಂದಿದೆ. ಬಿರಿದರೆ ಇನ್ನೂ ನಾದಿ. ಉಂಡೆಗಳನ್ನು ಒದ್ದೆ ಬಟ್ಟೆ ಮುಚ್ಚಿಡಿ, ಗಾಳಿಗೆ ಬಿಟ್ಟರೆ ಸಿಪ್ಪೆ ಕಟ್ಟುತ್ತದೆ.

ಲಟ್ಟಿಸುವುದು ನಿಮಗೆ ಬರುತ್ತದೆ, ಅದನ್ನ ಬರೆಯುವುದಿಲ್ಲ. ಮೇಲಿನ ಒಣಹಿಟ್ಟು ಕೊಡವಿ ಕಾವಲಿಗೆ ಹಾಕಿ, ಅಷ್ಟೇ. ಕಾವಲಿ ಚೆನ್ನಾಗಿ ಕಾದಿರಲಿ. ಮೊದಲನೇ ಮಗ್ಗುಲು ಸುಮ್ನೆ ಬಣ್ಣ ತಿರುಗಿದರೆ ಸಾಕು, ಕಂದು ಚುಕ್ಕೆ ಬರುವ ತನಕ ಕಾಯಬೇಡಿ. ಮಗುಚಿ ಎರಡನೇ ಮಗ್ಗುಲನ್ನು ನಿಧಾನವಾಗಿ ಬೇಯಿಸಿ. ಆಮೇಲೆ ಮೊದಲನೇ ಮಗ್ಗುಲು ಕೆಳಗೆ ಬರುವ ಹಾಗೆ ಕೆಂಡದ ಮೇಲೆ. ಆ ಮಗ್ಗುಲು ಇನ್ನೂ ಮೆತ್ತಗಿರುವುದರಿಂದ ಒಳಗಿನ ಹಬೆ ಅದನ್ನು ಹಿಗ್ಗಿಸಿ ಎಬ್ಬಿಸುತ್ತದೆ. ಮೊದಲೇ ಒಣಗಿಸಿದ್ದರೆ ಸಣ್ಣ ಬಿರುಕಿನಿಂದ ಹಬೆ ಹೊರಗೆ ಹೋಗಿ ರೊಟ್ಟಿ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ. ಗ್ಯಾಸಿನವರು ಉರಿಯ ಮೇಲೆ ಜಾಲರಿ ಇಟ್ಟುಕೊಳ್ಳಿ. ನಾನೂ ಈಗ ಗ್ಯಾಸಿನಲ್ಲೇ ಮಾಡುತ್ತೇನೆ, ಆದರೆ ಕೆಂಡದ ರೊಟ್ಟಿಯ ರುಚಿ ಅದಕ್ಕಿಲ್ಲ ಅಂತ ದಿನಾ ಹೇಳುತ್ತೇನೆ, ಮನೆಯವರು ಕೇಳಿ ಕೇಳಿ ಸಾಕಾಗಿದ್ದಾರೆ.

ಹಿಟ್ಟಿನ ವಿಷಯ ಒಂದು. ನಮ್ಮ ಕಾಲದಲ್ಲಿ ಗದ್ದೆಯಲ್ಲಿ ಬೆಳೆದ ಜಯ, ಇಂಟಾನ್ ತಳಿಯ ಅಕ್ಕಿಯನ್ನು ತೊಳೆದು, ನೆರಳಲ್ಲಿ ಆರಿಸಿ, ಮಳೆಗೆ ಮುಂಚೆ ಗಿರಣಿಗೆ ಹಾಕಿಸಿ ಡಬ್ಬ ತುಂಬಿಡುತ್ತಿದ್ದರು. ಆಗುಂಬೆಯಲ್ಲಿ ವರ್ಷದ ಮಳೆ 7000 ಮಿಲಿಮೀಟರ್ ದಾಟಿತು ಅಂತ ಪೇಪರಿನವರು ಬರೆಯುತ್ತಾರೆ, ಆ ಥಂಡಿಯಲ್ಲಿ ಹಿಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟರೆ ಮುಗ್ಗಲು ಬರದೆ ಇರುತ್ತದಾ? ಡಬ್ಬಕ್ಕೆ ತುಂಬಿ ಒಲೆ ಹತ್ತಿರದ ಗೂಡಿನಲ್ಲಿಡಿ.

ನೆಂಚಿಕೊಳ್ಳಲು ಸೂಜಿಮೆಣಸು ಹಾಕಿ ಅರೆದ ಕಾಯಿಚಟ್ನಿ, ಬೆಣ್ಣೆ, ಮಕ್ಕಳಿಗೆ ಜೋನಿಬೆಲ್ಲ. ಮಳೆಗಾಲದಲ್ಲಿ ಕಳಲೆ ಪಲ್ಯ ಇದ್ದರೆ ಮಾತೇ ಇಲ್ಲ. ಕೋಳಿ ಸಾರು ಮಾಡುವ ಮನೆಗಳಲ್ಲಿ ಅದರ ಜೊತೆ. ನಾವು ಚಿಕ್ಕವರಿದ್ದಾಗ ಒಲೆ ಮುಂದೆ ಮಣೆ ಹಾಕಿ ಸಾಲಾಗಿ ಕೂರುತ್ತಿದ್ದೆವು. ಪೂರ್ತಿ ಉಬ್ಬಿದ ರೊಟ್ಟಿ ಯಾರ ತಟ್ಟೆಗೆ ಬೀಳುತ್ತದೆ ಅಂತ ಜಗಳ. ಬಿದ್ದವರು ಬೆರಳಿನಿಂದ ಚುಚ್ಚಿ ಹಬೆ ಬಿಟ್ಟು, ಕೈ ಸುಟ್ಟುಕೊಂಡು, ಆ ತೂತಿನೊಳಗೆ ಬೆಣ್ಣೆ ತುಂಬುತ್ತಿದ್ದರು. ಈಗ ನನ್ನ ಮೊಮ್ಮಗಳೂ ಹಾಗೇ ಮಾಡುತ್ತಾಳೆ, ಯಾರೂ ಹೇಳಿಕೊಟ್ಟದ್ದಲ್ಲ. ಅವಳ ಅಮ್ಮ "ಕೈ ಸುಡುತ್ತೆ ಕಣೆ" ಅಂತ ಕೂಗುತ್ತಾಳೆ. ಕೂಗಲಿ ಬಿಡಿ.

ಆದರೆ ರೊಟ್ಟಿ ಸುಡುವವಳು ಎಲ್ಲರದ್ದೂ ಆದ ಮೇಲೆ ತಣ್ಣಗಿನ ಎರಡು ರೊಟ್ಟಿಯನ್ನು ನಿಂತುಕೊಂಡೇ ತಿನ್ನುವ ಹಳೇ ಪದ್ಧತಿ ಇದೆಯಲ್ಲ, ಅದನ್ನ ಬಿಟ್ಟುಬಿಡಿ. ನಾನು ಬಹಳ ವರ್ಷ ಹಾಗೆ ತಿಂದಿದ್ದೇನೆ, ಅದರಿಂದ ಯಾರಿಗೂ ಏನೂ ಸಿಕ್ಕಿಲ್ಲ. ಗಂಡ ಒಲೆ ಮುಂದೆ ನಿಲ್ಲಲಿ, ಮಗ ಲಟ್ಟಿಸಲಿ, ಓರೆಕೋರೆಯಾದರೆ ಆಗಲಿ. ಉಬ್ಬಿದ ರೊಟ್ಟಿಗೆ ದುಂಡಗೆ ಇರಲೇಬೇಕು ಅಂತೇನಿಲ್ಲ.

ಡಬ್ಬಿಗೆ ಹಾಕುವುದಿದ್ದರೆ ಬಟ್ಟೆಯಲ್ಲಿ ಸುತ್ತಿ ಹಾಕಿ. ಬಿಸಿಬಿಸಿಯಾಗಿ ಹಾಗೇ ಸ್ಟೀಲ್ ಡಬ್ಬಿಗೆ ಮುಚ್ಚಿದರೆ ಬೆವರಿ ಮುದ್ದೆಯಾಗುತ್ತದೆ, ಆಮೇಲೆ ನನಗೆ ಫೋನ್ ಮಾಡಬೇಡಿ. ಹಿಟ್ಟು ಉಳಿದರೆ ಫ್ರಿಜ್ಜಿಗೆ ತಳ್ಳಬೇಡಿ, ನಾಳೆಗೆ ಗಟ್ಟಿಯಾಗಿ ಬಿರಿಯುತ್ತದೆ. ಅದನ್ನೇ ಸಣ್ಣ ಸಣ್ಣ ಉಂಡೆ ಕಟ್ಟಿ, ನಡುವೆ ಬೆರಳಿನಿಂದ ಒಂದು ಗುಳಿ ಒತ್ತಿ, ಹಬೆಯಲ್ಲಿ ಬೇಯಿಸಿದರೆ ರಾತ್ರಿಗೆ ಕಡುಬು ಆಯಿತು. ಗುಳಿಗೆ ತುಪ್ಪ ಹಾಕಿಕೊಳ್ಳಿ.