ಬಟ್ಟೆ ಮೇಲೆ ಕಾಗದದ ಚುಕ್ಕಿ ಹರಡಿ ಜೀವವಿಕಾಸ ನೋಡೋದು ಹೇಗೆ

ಜೀವವಿಕಾಸದ ಮಾತು ಬಂದಾಗಲೆಲ್ಲ ಯಾರಾದ್ರೂ ಒಬ್ರು ಹೇಳೇ ಹೇಳ್ತಾರೆ, "ವಾತಾವರಣ ಬದಲಾಯ್ತು, ಪ್ರಾಣಿ ಅದಕ್ಕೆ ತಕ್ಕಂಗೆ ತನ್ನ ಮೈ ಬದಲಾಯಿಸ್ಕೊಳ್ತು" ಅಂತ. ನಾನೂ ಎಷ್ಟೋ ವರ್ಷ ಹಂಗೇ ಅಂದ್ಕೊಂಡಿದ್ದೆ. ಇದು ಬುಡದಲ್ಲೇ ತಪ್ಪು. ಯಾವ ಪ್ರಾಣೀನೂ ತನ್ನ ಜೀನ್‌ಗಳನ್ನ (ಅಪ್ಪ ಅಮ್ಮನಿಂದ ಬರೋ, ಮೈಯ ಗುಣ ತೀರ್ಮಾನಿಸೋ ಸೂಚನೆಗಳನ್ನ) ಬೇಕಾದಂಗೆ ತಿದ್ಕೊಳ್ಳಲ್ಲ, ಹುಟ್ಟುವಾಗಲೇ ಒಂದೊಂದು ಒಂದೊಂದು ಥರ ಇರುತ್ತೆ, ವಾತಾವರಣ ಅದರಲ್ಲಿ ಕೆಲವನ್ನ ಉಳಿಸುತ್ತೆ ಕೆಲವನ್ನ ಅಳಿಸುತ್ತೆ, ಉಳಿದವು ಮರಿ ಹಾಕ್ತವೆ. ಬದಲಾಗೋದು ಗುಂಪಿನ ಲೆಕ್ಕ, ಒಂಟಿ ಪ್ರಾಣಿ ಅಲ್ಲ.

ಇದನ್ನ ಓದಿದ್ರೆ ಹೌದೌದು ಅನ್ಸುತ್ತೆ, ಆದ್ರೆ ಎರಡು ದಿನಕ್ಕೆ ಮತ್ತೆ ಹಳೇ ಯೋಚನೆಗೇ ಮನಸ್ಸು ವಾಪಸ್ ಹೋಗುತ್ತೆ. ಕೈಯಾರೆ ಮಾಡಿ ನೋಡಿದ್ರೆ ಮಾತ್ರ ಕೂರುತ್ತೆ. ಅದಕ್ಕೇ ಈ ಆಟ, ಎರಡು ಗಂಟೆ ಸಾಕು.

ಮೊದಲು ಸಾಮಾನು

ಸುಮಾರು ಒಂದು ಮೀಟರ್ ಅಗಲದ ಎರಡು ಬಟ್ಟೆ ಬೇಕು. ಒಂದು ಕಡು ಹಸಿರು, ಎಲೆ ಎಲೆ ಪ್ರಿಂಟ್ ಇರೋದು. ಇನ್ನೊಂದು ಬಿಳಿ ಅಥವಾ ತುಂಬಾ ತಿಳಿ ಬಣ್ಣದ್ದು. ಪ್ರಿಂಟ್ ಇದ್ರೆ ಒಳ್ಳೇದು ಯಾಕಂದ್ರೆ ಪ್ಲೇನ್ ಬಟ್ಟೇಲಿ ಬೇರೆ ಬಣ್ಣದ ಚುಕ್ಕಿಗಳೆಲ್ಲ ಒಂದೇ ಸಲಕ್ಕೆ ಕಾಣಿಸ್ಬಿಡ್ತವೆ. ಆಮೇಲೆ ಹಸಿರು, ಕಂದು, ನೀಲಿ, ಹಳದಿ, ಬಿಳಿ ಹೀಗೆ ಐದು ಬಣ್ಣದ ಕಾಗದ, ಪಂಚಿಂಗ್ ಮೆಷಿನ್, ಒಂದು ನೋಟ್‌ಬುಕ್, ಮೊಬೈಲ್‌ನಲ್ಲಿರೋ ಸ್ಟಾಪ್‌ವಾಚ್. ಕಾಗದ ಎಲ್ಲಾ ಒಂದೇ ದಪ್ಪ ಇರ್ಲಿ, ಇಲ್ಲಾಂದ್ರೆ ದಪ್ಪ ಕಾಗದದ ಚುಕ್ಕಿ ಕೈಗೆ ಬೇಗ ಸಿಕ್ಕಿ ಲೆಕ್ಕ ಕೆಡುತ್ತೆ. ಒಂದೊಂದು ಬಣ್ಣದಲ್ಲೂ ನೂರು ಚುಕ್ಕಿ ಮೊದಲೇ ಪಂಚ್ ಮಾಡಿಟ್ಕೊಳ್ಳಿ, ಆಟದ ಮಧ್ಯ ಪಂಚ್ ಮಾಡ್ತಾ ಕೂತ್ರೆ ಮಕ್ಕಳು ಎದ್ದು ಹೋಗ್ತಾರೆ.

ಮೊದಲನೇ ಆಟ

ಹಸಿರು ಬಟ್ಟೆ ಹಾಸಿ ಒಂದೊಂದು ಬಣ್ಣದ 20ರ ಹಾಗೆ ಒಟ್ಟು 100 ಚುಕ್ಕಿ ಚೆನ್ನಾಗಿ ಹರಡಿ. ಒಬ್ರು ಹಕ್ಕಿ ಆಗ್ಬೇಕು, ಚುಕ್ಕಿಗಳೇ ಅದರ ಬೇಟೆ. ಹರಡೋವಾಗ ಹಕ್ಕಿ ಆಗೋರು ನೋಡಬಾರದು. ಆಮೇಲೆ ಹಕ್ಕಿ ಬಟ್ಟೆ ಕಡೆ ತಿರುಗಿ, ಕಣ್ಣಿಗೆ ಮೊದಲು ಬಿದ್ದ ಒಂದೇ ಒಂದು ಚುಕ್ಕಿ ಹೆಕ್ಕಿ, ಮತ್ತೆ ಬೆನ್ನು ಹಾಕಿ ಅದನ್ನ ಡಬ್ಬಿಗೆ ಹಾಕ್ಬೇಕು, ಹಿಂಗೇ 75 ಸಲ. ಪ್ರತಿ ಸಲ ಬೆನ್ನು ತಿರುಗಿಸೋದು ಮುಖ್ಯ, ಇಲ್ಲಾಂದ್ರೆ ಹಕ್ಕಿ ಒಂದೇ ಮೂಲೇಲಿ ಕೂತು ಬಾಚ್ಕೊಂಡು ಬಿಡುತ್ತೆ, ಅಲ್ಲಿ ಆಯ್ಕೆ ಅನ್ನೋದೇ ಇರಲ್ಲ. ಎಷ್ಟು ಹೊತ್ತು ಹಿಡೀತು ಅಂತ ಬರ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಉಳಿದ 25 ಚುಕ್ಕಿ ಬಣ್ಣದ ಪ್ರಕಾರ ಎಣಿಸಿ. ಪ್ರತಿಯೊಂದಕ್ಕೂ ಅದೇ ಬಣ್ಣದ ಮೂರು ಮರಿ ಕೊಡಿ, ಮತ್ತೆ 100 ಆಯ್ತು. ಇದು ಎರಡನೇ ಪೀಳಿಗೆ. ಮತ್ತೆ ಹರಡಿ, ಮತ್ತೆ ಹೆಕ್ಕಿ.

ನಾನು ಅಕ್ಕನ ಮಗಳ ಜೊತೆ ಆಡಿದ್ದು, ಅವಳಿಗೆ ಹನ್ನೊಂದು ವರ್ಷ, ಹಕ್ಕಿ ಅವಳೇ. ಮೊದಲ ಸುತ್ತಲ್ಲಿ ಹಸಿರು 9, ಕಂದು 7, ನೀಲಿ 5, ಹಳದಿ 3 ಉಳಿದ್ವು, ಬಿಳಿ ಒಂದೇ ಒಂದು. ಮರಿ ಸೇರಿಸಿದ್ಮೇಲೆ ಹಸಿರು 36, ಕಂದು 28, ನೀಲಿ 20, ಹಳದಿ 12, ಬಿಳಿ 4. ಎರಡನೇ ಸುತ್ತಲ್ಲಿ ಬಿಳಿ ಪೂರ್ತಿ ಹೋಯ್ತು, ಹಳದಿ ಒಂದೇ ಉಳೀತು. ಮೂರನೇ ಸುತ್ತಿಗೆ ಹಳದೀನೂ ಇಲ್ಲ, ಮರಿ ಸೇರಿ ಹಸಿರು 48, ಕಂದು 40, ನೀಲಿ 12. ಇಲ್ಲಿ ನಿಂತು ಒಂದು ವಿಷ್ಯ ಗಮನಿಸಿ, ಮೂರು ಸುತ್ತಲ್ಲಿ ಒಂದೇ ಒಂದು ಚುಕ್ಕೀನೂ ಬಣ್ಣ ಬದಲಾಯಿಸಿಲ್ಲ, ಆದ್ರೂ ಬಟ್ಟೆ ನೋಡಿದ್ರೆ ಇಡೀ ಗುಂಪೇ ಹಸಿರು ಕಂದಾಗಿ ಬದಲಾಗಿದೆ ಅನ್ಸುತ್ತೆ.

ಈಗ ಬಟ್ಟೆ ಬದಲಾಯಿಸಿ

ಇಡೀ ಆಟದಲ್ಲಿ ನನಗೆ ಅತಿ ಮುಖ್ಯ ಅನ್ಸೋ ಜಾಗ ಇದು, ಆತುರ ಮಾಡ್ಬೇಡಿ. ಉಳಿದಿರೋ 100 ಚುಕ್ಕಿ ಹಾಗೇ ಎತ್ಕೊಂಡು ಬಿಳಿ ಬಟ್ಟೆ ಮೇಲೆ ಹರಡಿ. 75ರ ಲೆಕ್ಕ ಬಿಟ್ಬಿಡಿ, ಅದರ ಬದಲು ಹಸಿರು ಬಟ್ಟೆ ಮೇಲೆ 75 ಹೆಕ್ಕೋಕೆ ಹಿಡಿದಿತ್ತಲ್ಲ ಆ ಸಮಯ, ಅಷ್ಟೇ ಸಮಯ ಕೊಡಿ. ಹೆಕ್ಕಿದಷ್ಟು ಹೆಕ್ಕಲಿ.

ಹರಡೋ ಮುಂಚೆ ನಮ್ಮ ಹುಡುಗಿ ಕೇಳಿದ್ಲು, "ಮಾಮ, ಈಗ ಬಿಳೀದು ಜಾಸ್ತಿ ಆಗುತ್ತೆ ಅಲ್ವಾ?" ಅಂತ. ನಾನು ಡಬ್ಬಿ ತೋರಿಸಿ, ಬಿಳೀದು ಎಲ್ಲಿದೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ಲು. ಆಮೇಲೆ "ಅದು ಆಗ್ಲೇ ಸತ್ತೋಯ್ತು" ಅಂದ್ಲು. ಅಷ್ಟು ಅರ್ಥ ಆದ್ರೆ ಪಾಠ ಮುಕ್ಕಾಲು ಮುಗೀತು. ಬಿಳಿ ಬಟ್ಟೆಗೆ ಬಿಳಿ ಚುಕ್ಕಿ ಬೇಕಾಗಿತ್ತು, ಆದ್ರೆ ಬೇಕು ಅಂದ ಮಾತ್ರಕ್ಕೆ ಬರಲ್ಲ, ಹಸಿರು ಬಟ್ಟೆ ಇದ್ದಾಗ ಕೆಲಸಕ್ಕೆ ಬಾರದ್ದು ಅಂತ ಅಳಿದು ಹೋದದ್ದೇ ಈಗ ಜೀವ ಉಳಿಸೋ ಬಣ್ಣ ಆಗ್ತಿತ್ತು. ಅಷ್ಟೇ ಸಮಯದಲ್ಲಿ ಅವಳು 97 ಚುಕ್ಕಿ ಹೆಕ್ಕಿದ್ಲು. ಉಳಿದದ್ದು ಮೂರು, ಮರಿ ಸೇರಿಸಿದ್ರೆ ಹನ್ನೆರಡು.

ನಿಜವಾದ ಹಕ್ಕಿಗಳಲ್ಲೂ ಹಿಂಗಾಗಿದ್ದು ಅಳೆದು ನೋಡಿದ್ದಾರೆ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ಒಂದಾದ ಡಾಫ್ನಿ ಮೇಜರ್ ಅನ್ನೋ ಪುಟ್ಟ ದ್ವೀಪದಲ್ಲಿ ಜೀವವಿಜ್ಞಾನಿಗಳಾದ ಪೀಟರ್ ಗ್ರಾಂಟ್, ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಫಿಂಚ್ ಹಕ್ಕಿಗಳಿಗೆ ಕಾಲುಂಗುರ ಹಾಕಿ, ಕೊಕ್ಕು ಅಳೆದು, ವರ್ಷ ವರ್ಷ ಲೆಕ್ಕ ಇಟ್ರು. 1977ರಲ್ಲಿ ಮಳೆ ಕೈಕೊಡ್ತು. ಸಣ್ಣ ಮೆತ್ತನೆ ಬೀಜ ಬೇಗ ಖಾಲಿ ಆಗಿ ನೆಗ್ಗಿಲು ಜಾತಿಯ ಗಿಡದ ಗಟ್ಟಿ ಮುಳ್ಳಿನ ಕಾಯಿ ಥರದ್ದೇ ಉಳಿದ್ವು. ಮಧ್ಯಮ ಗಾತ್ರದ ನೆಲ ಫಿಂಚ್‌ಗಳಲ್ಲಿ ಸುಮಾರು 85 ಪರ್ಸೆಂಟ್ ಸತ್ತವು. ಬದುಕಿದ್ದರಲ್ಲಿ ದಪ್ಪ ಕೊಕ್ಕಿನವೇ ಜಾಸ್ತಿ, ಅವುಗಳ ಮರಿಗಳ ಕೊಕ್ಕು ಬರದ ಮುಂಚಿನ ಹಕ್ಕಿಗಳಿಗಿಂತ ಸರಾಸರಿ 4 ಪರ್ಸೆಂಟ್ ಆಸುಪಾಸು ದಪ್ಪ. ಒಂದೇ ಪೀಳಿಗೇಲಿ! ದಪ್ಪ ಕೊಕ್ಕು ಬರ ಬಂದ ಮೇಲೆ ಹುಟ್ಟಿದ್ದಲ್ಲ, ಅದು ಮೊದಲೇ ಗುಂಪಲ್ಲಿ ಇತ್ತು, ಅದೇ ಅವುಗಳ ಅದೃಷ್ಟ. 1983ರಲ್ಲಿ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯಾಗಿ ಹವಾಮಾನ ಏರುಪೇರಾಗೋದು) ಭಾರೀ ಮಳೆ ತಂತು, ಸಣ್ಣ ಬೀಜ ರಾಶಿ ರಾಶಿ ಬೆಳೀತು, ಅದಾದ್ಮೇಲೆ ಸಣ್ಣ ಕೊಕ್ಕಿನವು ಮೇಲುಗೈ ಪಡೆದ್ವು. ಅಂದ್ರೆ ಬಟ್ಟೆ ಮತ್ತೆ ಬದಲಾಯ್ತು. ವಿಕಾಸ ಅಂದ್ರೆ ಯಾವಾಗ್ಲೂ ಮೇಲಕ್ಕೆ ಹೋಗೋ ಮೆಟ್ಟಿಲು ಅಂದ್ಕೊಂಡಿದ್ರೆ ಈ ದ್ವೀಪದ ಲೆಕ್ಕ ನೋಡ್ಬೇಕು.

ಮ್ಯುಟೇಶನ್ ಸೇರಿಸೋದು

ಮ್ಯುಟೇಶನ್ ಅಂದ್ರೆ ಜೀನ್‌ನಲ್ಲಿ ತಾನಾಗೇ ಆಗೋ ಬದಲಾವಣೆ. ಈಗ ಐದೂ ಬಣ್ಣದ ಹೆಸರು ಚೀಟೀಲಿ ಬರೆದು ಒಂದು ಡಬ್ಬಿಗೆ ಹಾಕಿ. ಹಸಿರು ಬಟ್ಟೆಯಿಂದ ಆಟ ಹೊಸದಾಗಿ ಶುರು ಮಾಡಿ, ಆದ್ರೆ ಈ ಸಲ ಪ್ರತಿ ಪೀಳಿಗೇಲಿ ಹುಟ್ಟೋ 75 ಮರಿಗಳಲ್ಲಿ ಎರಡಕ್ಕೆ ಅಪ್ಪ ಅಮ್ಮನ ಬಣ್ಣ ಕೊಡ್ಬೇಡಿ, ಕಣ್ಣು ಮುಚ್ಚಿ ಚೀಟಿ ಎತ್ತಿ, ಬಂದ ಬಣ್ಣ ಕೊಡಿ. ಕಣ್ಣು ಮುಚ್ಚೋದು ಯಾಕೆ ಅಂದ್ರೆ ಮ್ಯುಟೇಶನ್‌ಗೆ ಕೆಳಗೆ ಯಾವ ಬಟ್ಟೆ ಹಾಸಿದೆ ಅಂತ ಗೊತ್ತಿರಲ್ಲ. ಎಷ್ಟೋ ಸಲ ಹಳದಿ ಬಂದು ಮುಂದಿನ ಸುತ್ತಲ್ಲೇ ಹಕ್ಕಿ ಬಾಯಿಗೆ ಹೋಗುತ್ತೆ. ಆದ್ರೆ ಬಟ್ಟೆ ಬದಲಾಗೋ ಹೊತ್ತಿಗೆ ಎರಡೋ ಮೂರೋ ಬಿಳಿ ಉಳಿದಿದ್ರೆ ನಾಲ್ಕೈದು ಸುತ್ತಲ್ಲಿ ಬಟ್ಟೆ ತುಂಬಾ ಅವೇ ಆಗ್ತವೆ. ಮನುಷ್ಯರಲ್ಲೂ ಪ್ರತಿ ಮಗು ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಸುಮಾರು 60–70 ಹೊಸ ಮ್ಯುಟೇಶನ್ ಹೊತ್ಕೊಂಡು ಹುಟ್ಟುತ್ತೆ, ಬಹುಪಾಲು ಒಳ್ಳೇದೂ ಮಾಡಲ್ಲ ಕೆಟ್ಟದ್ದೂ ಮಾಡಲ್ಲ.

"ಇದು ನೀವು ಮಾಡ್ಕೊಂಡಿರೋ ರೂಲ್, ನಿಜವಾಗ್ಲೂ ಮ್ಯುಟೇಶನ್ ಮೊದಲೇ ಇರುತ್ತೆ ಅಂತ ಏನು ಗ್ಯಾರಂಟಿ" ಅಂತ ಯಾರಾದ್ರೂ ಕೇಳಿದ್ರೆ, ಅದು ಒಳ್ಳೇ ಪ್ರಶ್ನೆ, ಅದಕ್ಕೆ ಉತ್ತರಾನೂ ಒಂದು ಬಟ್ಟೆ ತುಂಡಲ್ಲೇ ಇದೆ. 1952ರಲ್ಲಿ ವಿಜ್ಞಾನಿಗಳಾದ ಎಸ್ತರ್ ಮತ್ತು ಜೋಶುವಾ ಲೆಡರ್‌ಬರ್ಗ್ ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಮಖಮಲ್ ಬಟ್ಟೆ ಒತ್ತಿ, ಸೀಲ್ ಹಾಕಿದಂಗೆ ಅದನ್ನ ಔಷಧ ಬೆರೆಸಿದ ಬೇರೆ ತಟ್ಟೆಗಳಿಗೆ ಒತ್ತಿದ್ರು. ಎಲ್ಲಾ ತಟ್ಟೇಲೂ ಅದೇ ಅದೇ ಜಾಗದಲ್ಲಿ ಬ್ಯಾಕ್ಟೀರಿಯಾ ಬದುಕಿ ಬೆಳೀತು. ವಾಪಸ್ ಬಂದು ಮೊದಲ ತಟ್ಟೇಲಿ ಆ ಜಾಗದಿಂದ ತೆಗೆದು ನೋಡಿದ್ರೆ, ಔಷಧದ ಮುಖಾನೇ ನೋಡದ ಬ್ಯಾಕ್ಟೀರಿಯಾದಲ್ಲೂ ತಡ್ಕೊಳ್ಳೋ ಶಕ್ತಿ ಮೊದಲೇ ಇತ್ತು. ಔಷಧ ಅದನ್ನ ಹುಟ್ಟಿಸಿಲ್ಲ, ಬರೀ ಬಯಲಿಗೆ ತಂತು.

ಕಣ್ಣಿಗೆ ಕಾಣದ ವೈವಿಧ್ಯ, ಇದಕ್ಕೆ ಮಣಿ ಬೇಕು

ಚುಕ್ಕಿ ಆಟದಲ್ಲಿ ಒಂದು ಕೊರತೆ ಇದೆ, ಬಣ್ಣ ಅಳಿದ್ರೆ ಪೂರ್ತಿ ಅಳೀತು. ಗಂಡು ಹೆಣ್ಣು ಸೇರಿ ಮರಿ ಆಗೋ ಜೀವಿಗಳಲ್ಲಿ ಹಾಗಿಲ್ಲ, ಒಂದೊಂದು ಜೀನ್‌ಗೂ ಎರಡೆರಡು ಪ್ರತಿ, ಒಂದು ಅಪ್ಪಂದು ಒಂದು ಅಮ್ಮಂದು. ಒಂದು ಚೀಲದಲ್ಲಿ 90 ಕಪ್ಪು ಮಣಿ 10 ಬಿಳಿ ಮಣಿ ಹಾಕಿ ಚೆನ್ನಾಗಿ ಕಲೆಸಿ, ನೋಡದೆ ಎರಡೆರಡು ತೆಗೆದು ಜೋಡಿ ಮಾಡ್ತಾ ಬನ್ನಿ. 50 ಜೋಡಿ ಆಗುತ್ತೆ, ಅಂದ್ರೆ 50 ಪ್ರಾಣಿ. ಒಂದು ಕಪ್ಪು ಇದ್ರೂ ಪ್ರಾಣಿ ಕಪ್ಪು, ಎರಡೂ ಬಿಳಿ ಆದ್ರೆ ಮಾತ್ರ ಬಿಳಿ. ಸಾಮಾನ್ಯವಾಗಿ ಬಿಳಿ ಪ್ರಾಣಿ ಒಂದೂ ಸಿಗಲ್ಲ ಅಥವಾ ಒಂದು ಸಿಗುತ್ತೆ, ಆದ್ರೆ ಬಿಳಿ ಮಣಿ ಒಳಗೆ ಇಟ್ಕೊಂಡಿರೋ ಕಪ್ಪು ಪ್ರಾಣಿ ಎಂಟೋ ಒಂಬತ್ತೋ ಇರ್ತವೆ. ಬಿಳಿ ಜೋಡಿ ಸಿಕ್ಕಿದ್ರೆ ತೆಗೆದುಹಾಕಿ, ಉಳಿದಿದ್ದನ್ನ ಚೀಲಕ್ಕೆ ಹಾಕಿ ಮತ್ತೆ ಎತ್ತಿ. ಎಷ್ಟು ಸುತ್ತು ಆದ್ರೂ ಬಿಳಿ ಮಣಿ ಅಷ್ಟು ಸುಲಭಕ್ಕೆ ಮುಗಿಯಲ್ಲ, ಒಳಗೊಳಗೇ ಅಡಗಿರುತ್ತೆ.

ಇಂಗ್ಲೆಂಡಿನ ಪೆಪ್ಪರ್ಡ್ ಪತಂಗದ ಕಥೆ ಈ ಚೀಲ ಇಟ್ಕೊಂಡು ಹೇಳಿದ್ರೆ ಚೆನ್ನಾಗಿ ಅರ್ಥ ಆಗುತ್ತೆ. ಬಿಳಿ ಮೈಮೇಲೆ ಕಪ್ಪು ಚುಕ್ಕಿ ಇರೋ ಪತಂಗ ಅದು. 1848ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪೂರ್ತಿ ಕಪ್ಪು ಪತಂಗ ದಾಖಲಾಯ್ತು. ಫ್ಯಾಕ್ಟರಿ ಹೊಗೆಗೆ ಮರದ ತೊಗಟೆ ಕಪ್ಪಾಗಿ, ಬಿಳೀದು ಹಕ್ಕಿಗಳಿಗೆ ಎದ್ದು ಕಾಣಿಸ್ತಾ ಹೋಯ್ತು, 1895ರ ಹೊತ್ತಿಗೆ ಅಲ್ಲಿ 98 ಪರ್ಸೆಂಟ್ ಕಪ್ಪೇ. ಇದರ ಜೀನ್‌ನ 2016ರಲ್ಲಿ ಪತ್ತೆ ಮಾಡಿದ್ರು, ಕಾರ್ಟೆಕ್ಸ್ ಅನ್ನೋ ಜೀನ್‌ನೊಳಗೆ ಡಿಎನ್‌ಎಯ ಒಂದು ತುಂಡು ಬೇರೆ ಕಡೆಯಿಂದ ಹಾರಿ ಬಂದು ಕೂತಿತ್ತು, ಅದು ಆಗಿದ್ದು 1819ರ ಆಸುಪಾಸು ಅಂತ ಲೆಕ್ಕ. ಕಪ್ಪಿಗೆ ಒಂದೇ ಪ್ರತಿ ಸಾಕು, ಅದಕ್ಕೇ ಅಷ್ಟು ಬೇಗ ಹರಡಿದ್ದು. ಬಿಳಿಯ ಪ್ರತಿಗಳು ಕಪ್ಪು ಪತಂಗಗಳ ಒಳಗೂ ಅಡಗಿ ಉಳಿದ್ವು, 1956ರ ಕ್ಲೀನ್ ಏರ್ ಕಾಯ್ದೆ ಬಂದು ಹೊಗೆ ಕಡಿಮೆ ಆಗ್ತಾ ಬಂದಂಗೆ ಬಿಳಿ ಪತಂಗ ವಾಪಸ್ ಬಂತು. ನಮ್ಮ ಬಟ್ಟೆ ಮೇಲಿನ ಬಿಳಿ ಚುಕ್ಕಿಗೆ ಸಿಗದೇ ಇದ್ದ ಅವಕಾಶ ಈ ಪತಂಗಕ್ಕೆ ಸಿಕ್ತು.

ಬರೀ ಅದೃಷ್ಟದ ಸುತ್ತು

ಇದು ಚಿಕ್ಕದು, ಆದ್ರೆ ಬಿಡ್ಬೇಡಿ. ಐದು ಬಣ್ಣದ ಎರಡೆರಡು, ಒಟ್ಟು ಹತ್ತೇ ಚುಕ್ಕಿ ಚೀಲಕ್ಕೆ ಹಾಕಿ ಕಣ್ಣು ಮುಚ್ಚಿ ಐದು ತೆಗೆದು ಎಸೆಯಿರಿ, ಉಳಿದ ಐದಕ್ಕೆ ಒಂದೊಂದು ಮರಿ ಕೊಡಿ. ಹಕ್ಕಿ ಇಲ್ಲ, ಬಟ್ಟೆ ಇಲ್ಲ, ಆದ್ರೂ ಕೆಲವೇ ಸುತ್ತಲ್ಲಿ ಬಣ್ಣಗಳು ಒಂದೊಂದಾಗಿ ಮಾಯ ಆಗ್ತವೆ. ಗುಂಪು ಚಿಕ್ಕದಾದಷ್ಟೂ ಆಕಸ್ಮಿಕದ ಪೆಟ್ಟು ದೊಡ್ಡದು. ಉತ್ತರದ ಆನೆ ಸೀಲ್‌ಗಳನ್ನ 19ನೇ ಶತಮಾನದಲ್ಲಿ ಎಣ್ಣೆಗೋಸ್ಕರ ಬೇಟೆಯಾಡಿ ಬೆರಳೆಣಿಕೆಗೆ ತಂದ್ರು. ಈಗ ಲಕ್ಷ ದಾಟಿವೆ, ನೋಡಿದ್ರೆ ಖುಷಿ ಆಗುತ್ತೆ, ಆದ್ರೆ ಒಂದಕ್ಕೂ ಇನ್ನೊಂದಕ್ಕೂ ಜೀನ್ ವ್ಯತ್ಯಾಸ ತುಂಬಾ ಕಡಿಮೆ, ಸಂಖ್ಯೆ ವಾಪಸ್ ಬಂತು, ವೈವಿಧ್ಯ ಅಷ್ಟು ಬೇಗ ಬರಲ್ಲ. ಅದಕ್ಕೇ ಒಂದು ಪ್ರಾಣಿ ಉಳಿಸ್ತೀವಿ ಅಂತ ಹೊರಟಾಗ ಎಷ್ಟಿವೆ ಅಂತ ಎಣಿಸೋದು ಸಾಲದು, ಎಷ್ಟು ಥರ ಇವೆ ಅಂತಾನೂ ನೋಡ್ಬೇಕು.

ಕೊನೆಗೆ, ಒಂದು ಗುಂಪು ಎರಡಾಗೋದು

ಮ್ಯುಟೇಶನ್ ಚೀಟಿ ಇಟ್ಕೊಂಡೇ ಮತ್ತೆ ಐದೂ ಬಣ್ಣದಿಂದ ಶುರು ಮಾಡಿ, ಆದ್ರೆ ಮೊದಲೇ ಐವತ್ತೈವತ್ತು ಮಾಡಿ ಅರ್ಧ ಹಸಿರು ಬಟ್ಟೆಗೆ, ಅರ್ಧ ಬಿಳಿ ಬಟ್ಟೆಗೆ ಹಾಕಿ, ಅಲ್ಲಿಂದಿಲ್ಲಿಗೆ ಒಂದೂ ದಾಟಬಾರದು. ಐದಾರು ಸುತ್ತಲ್ಲಿ ಎರಡು ಬಟ್ಟೆಯ ಲೆಕ್ಕ ಪೂರ್ತಿ ಬೇರೆ ಆಗಿರುತ್ತೆ. ಆಮೇಲೆ ಇನ್ನೊಂದು ಸಲ ಆಡಿ, ಆದ್ರೆ ಈಗ ಪ್ರತಿ ಸುತ್ತಲ್ಲೂ ಹತ್ತು ಚುಕ್ಕಿ ಅದಲು ಬದಲು ಮಾಡಿ. ಎರಡೂ ಕಡೆ ಅಷ್ಟು ದೂರ ಸರಿಯಲ್ಲ, ಕಲಬೆರಕೆ ಆಗ್ತಾನೇ ಇರುತ್ತೆ.

ಇಲ್ಲಿಗೆ ಕಾಗದದ ಕೆಲಸ ನಿಲ್ಲುತ್ತೆ. ಬಣ್ಣ ಬೇರೆ ಆದ ಮಾತ್ರಕ್ಕೆ ಬೇರೆ ಪ್ರಭೇದ ಆಗಲ್ಲ, ಎರಡು ಗುಂಪು ಮತ್ತೆ ಎದುರಾದಾಗ ಕೂಡಿ ಮರಿ ಮಾಡ್ತವಾ ಇಲ್ವಾ ಅನ್ನೋದು ಮುಖ್ಯ, ಅದನ್ನ ಚುಕ್ಕಿಗಳು ತೋರಿಸಲ್ಲ. ಅದಕ್ಕೆ ಮಧ್ಯ ಅಮೆರಿಕದ ಪನಾಮಾ ಕಡೆ ನೋಡ್ಬೇಕು. ಸುಮಾರು 30 ಲಕ್ಷ ವರ್ಷಗಳ ಹಿಂದೆ ಅಲ್ಲಿ ನೆಲ ಎದ್ದು ಒಂದೇ ಆಗಿದ್ದ ಸಮುದ್ರ ಎರಡಾಯ್ತು, ಕೊಂಡಿಯಿಂದ ಟಪ್ ಅಂತ ಸದ್ದು ಮಾಡೋ ಸೀಗಡಿಗಳ ಗುಂಪುಗಳು ಆ ಕಡೆ ಅರ್ಧ ಈ ಕಡೆ ಅರ್ಧ ಆದ್ವು. ಜೀವವಿಜ್ಞಾನಿ ನ್ಯಾನ್ಸಿ ನೌಲ್ಟನ್ ಮತ್ತವರ ಸಂಗಡಿಗರು ಎರಡೂ ಕಡೆಯ ಗಂಡು ಹೆಣ್ಣುಗಳನ್ನ ತಂದು ಜೊತೆಗೆ ಬಿಟ್ಟು 1993ರಲ್ಲಿ ಫಲಿತಾಂಶ ಬರೆದ್ರು. ನೋಡೋಕೆ ಅಣ್ಣತಮ್ಮಂದಿರ ಹಾಗೆ ಇದ್ದ ಆ ಸೀಗಡಿಗಳು ಹೆಚ್ಚಿನಂಶ ಕೂಡಲಿಲ್ಲ, ಒಂದರ ಮೇಲೊಂದು ಕೊಂಡಿ ಎತ್ಕೊಂಡು ಜಗಳಕ್ಕೆ ನಿಂತ್ವು.